ರೋಸಲಿಂಡ್ ಫ್ರಾಂಕ್ಲಿನ್

ಒಲೆಯಲ್ಲಿ ಉಳಿದ ಇದ್ದಿಲು, ದೀಪದ ಗಾಜಿಗೆ ಹಿಡಿದ ಕಾಡಿಗೆ, ಪೆನ್ಸಿಲಿನ ಒಳಗಿನ ಕರಿಯ ಕಡ್ಡಿ, ಆಭರಣದಲ್ಲಿ ಹೊಳೆಯುವ ವಜ್ರ - ಇವು ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳು. ಆದರೆ ಇವೆಲ್ಲವೂ ಬಹುಮಟ್ಟಿಗೆ ಇಂಗಾಲವೆಂಬ ಒಂದೇ ಮೂಲವಸ್ತುವಿನಿಂದ ಆದವು. ಒಂದು ಮೃದುವಾಗಿ, ಇನ್ನೊಂದು ಕಠಿಣವಾಗಿ, ಒಂದು ಕಪ್ಪಾಗಿ, ಇನ್ನೊಂದು ಪಾರದರ್ಶಕವಾಗಿ ಇರುವುದಕ್ಕೆ ಕಾರಣ ಅವುಗಳ ಪರಮಾಣುಗಳ ಜೋಡಣೆಯಲ್ಲಿದೆ. ವಜ್ರ ಮತ್ತು ಗ್ರಾಫೈಟುಗಳಲ್ಲಿ ಈ ಜೋಡಣೆ ಕ್ರಮಬದ್ಧವಾದುದರಿಂದ ಅದನ್ನು ವಿಜ್ಞಾನಿಗಳು ಬೇಗನೆ ಅರಿತರು. ಇದ್ದಿಲು, ಕೋಕ್, ಕಲ್ಲಿದ್ದಲುಗಳ ವಿಷಯ ಹಾಗಲ್ಲ. ಅವುಗಳಿಗೆ ನಿಯತವಾದ ಆಕಾರವೇ ಇಲ್ಲವೆಂದು ಭಾವಿಸಿ, ಅವನ್ನು ಅಸ್ಫಟಿಕ ಇಂಗಾಲಗಳೆಂದು ಕರೆದು, ಬಹುಮಂದಿ ಅಲ್ಲಿಗೇ ಬಿಟ್ಟಿದ್ದರು. ಆಕಾರವಿಲ್ಲದ್ದೆಂದು ತೋರುವ ಆ ಕರಿಯ ಪುಡಿಯನ್ನು ಕ್ಷ-ಕಿರಣಗಳ ಮುಂದೆ ಇಟ್ಟು, ಅದರೊಳಗೆ ಎಷ್ಟು ಕ್ರಮವಿದೆ, ಎಷ್ಟು ಅಕ್ರಮವಿದೆ ಎಂಬುದನ್ನು ಅಳೆದು ತೋರಿಸಿದ ವಿಜ್ಞಾನಿಗಳಲ್ಲಿ ಅಗ್ರಗಣ್ಯಳು ರೋಸಲಿಂಡ್ ಫ್ರಾಂಕ್ಲಿನ್.

ರೋಸಲಿಂಡ್ ಎಲ್ಸಿ ಫ್ರಾಂಕ್ಲಿನ್ 1920ರ ಜುಲೈ 25ರಂದು ಲಂಡನ್ ನಗರದ ಒಂದು ಸಂಪನ್ನ ಯಹೂದಿ ಮನೆತನದಲ್ಲಿ ಜನಿಸಿದಳು. ತಂದೆ ಎಲ್ಲಿಸ್ ಫ್ರಾಂಕ್ಲಿನ್ ಬ್ಯಾಂಕಿನ ವ್ಯವಹಾರದಲ್ಲಿದ್ದವನು. ಸಂಜೆಯ ವೇಳೆಯಲ್ಲಿ ದುಡಿಯುವ ಜನರಿಗಾಗಿ ನಡೆಯುತ್ತಿದ್ದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದನು. ತಾಯಿಯ ಹೆಸರು ಮ್ಯೂರಿಯಲ್. ಅವರ ಐವರು ಮಕ್ಕಳಲ್ಲಿ ರೋಸಲಿಂಡ್ ಎರಡನೆಯವಳು. ಹಿಟ್ಲರನ ಆಳ್ವಿಕೆಯಲ್ಲಿ ಹಿಂಸೆಗೊಳಗಾಗಿ ಯೂರೋಪಿನಿಂದ ಓಡಿಬಂದ ಯಹೂದಿ ನಿರಾಶ್ರಿತರಿಗೆ ನೆರವಾಗುವ ಕಾರ್ಯದಲ್ಲಿ ಈ ಕುಟುಂಬವು ತೊಡಗಿದ್ದಿತು. ಸಂಪತ್ತು ಇದ್ದರೂ ಸೋಮಾರಿತನಕ್ಕೆ ಎಡೆಯಿಲ್ಲದ, ಪರರಿಗೆ ಉಪಯೋಗವಾಗಿ ಬಾಳಬೇಕೆಂಬ ಭಾವನೆ ಬೇರೂರಿದ್ದ ಮನೆ ಅದು.

ಆ ಕಾಲದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನು ಸರಿಯಾಗಿ ಕಲಿಸುತ್ತಿದ್ದವು ಕೆಲವೇ. ಅಂಥವುಗಳಲ್ಲಿ ಒಂದಾದ ಲಂಡನ್ನಿನ ಸೇಂಟ್ ಪಾಲ್ಸ್ ಬಾಲಿಕಾ ಶಾಲೆಗೆ ರೋಸಲಿಂಡ್ ಸೇರಿದಳು. ಲೆಕ್ಕ ಮತ್ತು ವಿಜ್ಞಾನಗಳಲ್ಲಿ ಆಕೆಯ ಬುದ್ಧಿ ಚುರುಕಾಗಿದ್ದಿತು. 1938ರಲ್ಲಿ ಆಕೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ನ್ಯೂನ್‌ಹ್ಯಾಂ ಕಾಲೇಜಿಗೆ ಪ್ರವೇಶ ಪಡೆದಳು. ಮರುವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು. ಅಧ್ಯಾಪಕರಲ್ಲಿ ಅನೇಕರು ಯುದ್ಧಕಾರ್ಯಕ್ಕೆ ತೆರಳಿದರು. ನಗರಗಳ ಮೇಲೆ ಬಾಂಬುಗಳು ಬಿದ್ದವು. ಇಂಥ ಕಾಲದಲ್ಲಿಯೂ ಆಕೆ ಓದನ್ನು ನಿಲ್ಲಿಸದೆ 1941ರಲ್ಲಿ ಅಂತಿಮ ಪರೀಕ್ಷೆಯನ್ನು ಮುಗಿಸಿದಳು. ಕೇಂಬ್ರಿಜಿನಲ್ಲಿ ಗಂಡಸರೊಡನೆ ಅದೇ ಪಾಠ ಕೇಳಿ ಅದೇ ಪರೀಕ್ಷೆ ಬರೆದ ಹೆಂಗಸರಿಗೆ ವಿಶ್ವವಿದ್ಯಾನಿಲಯದ ಪೂರ್ಣ ಪದವಿಯ ಹಕ್ಕು ಆಗ ಇರಲಿಲ್ಲ. ಆ ಹಕ್ಕು ದೊರೆತದ್ದು 1948ರಲ್ಲಿ.

ಕೇಂಬ್ರಿಜಿನಲ್ಲಿದ್ದಾಗಲೇ ರೋಸಲಿಂಡಳಿಗೆ ಆಡ್ರಿಯೆನ್ ವೇಲ್ ಎಂಬ ಫ್ರೆಂಚ್ ವಿಜ್ಞಾನಿಯ ಪರಿಚಯವಾಯಿತು. ವೇಲ್ ಮೇರಿ ಕ್ಯೂರಿಯ ಬಳಿ ಕಲಿತವಳು. ಯುದ್ಧದ ನಿಮಿತ್ತ ತಾಯ್ನಾಡನ್ನು ಬಿಟ್ಟು ಬಂದವಳು. ಆಕೆಯಿಂದ ರೋಸಲಿಂಡ್ ಫ್ರೆಂಚ್ ಭಾಷೆಯಲ್ಲಿ ಪರಿಣತಿಯನ್ನು ಪಡೆದಳು. ವಿಜ್ಞಾನಕ್ಕೆ ಜೀವನವನ್ನೇ ಮುಡಿಪಾಗಿಟ್ಟ ಹೆಣ್ಣಿನ ಆದರ್ಶವೂ ಕಣ್ಣೆದುರಿಗೆ ಕಾಣಿಸಿತು. ಈ ಸ್ನೇಹವು ಮುಂದೆ ಆಕೆಯ ಬಾಳಿಗೆ ಹೊಸ ದಾರಿಯನ್ನು ತೆರೆಯಲಿದ್ದಿತು.

ಪರೀಕ್ಷೆಯ ಬಳಿಕ ಒಂದು ವರ್ಷಕಾಲ ರೋಸಲಿಂಡ್ ಕೇಂಬ್ರಿಜಿನಲ್ಲಿಯೇ ನಾರಿಷ್ ಎಂಬ ರಸಾಯನವಿಜ್ಞಾನಿಯ ಕೈಕೆಳಗೆ ಸಂಶೋಧನೆ ನಡೆಸಿದಳು. ಅವರಿಬ್ಬರಿಗೂ ಹೊಂದಿಕೆಯಾಗಲಿಲ್ಲ. 1942ರಲ್ಲಿ ಆಕೆ ಬ್ರಿಟಿಷ್ ಕಲ್ಲಿದ್ದಲು ಬಳಕೆಯ ಸಂಶೋಧನ ಸಂಘವನ್ನು ಸೇರಿದಳು. ಯುದ್ಧಕಾಲದ ಬ್ರಿಟನ್ನಿನಲ್ಲಿ ಕಾರ್ಖಾನೆ, ರೈಲು, ಮನೆಯ ಒಲೆ ಎಲ್ಲವೂ ಕಲ್ಲಿದ್ದಲನ್ನೇ ಅವಲಂಬಿಸಿದ್ದವು. ವಿಷಾನಿಲವನ್ನು ತಡೆಯುವ ಮುಖವಾಡಗಳಿಗೂ ಇದ್ದಿಲು ಬೇಕಾಗಿದ್ದಿತು. ಆದುದರಿಂದ ಕಲ್ಲಿದ್ದಲಿನ ಸಂಶೋಧನೆಯು ದೇಶಸೇವೆಯೂ ಆಗಿದ್ದಿತು. ಹಗಲಿನಲ್ಲಿ ಪ್ರಯೋಗಾಲಯದ ಕೆಲಸ. ಅದಲ್ಲದೆ ವಿಮಾನದಾಳಿಯ ಸಮಯದಲ್ಲಿ ಜನರ ರಕ್ಷಣೆಗಾಗಿ ಸ್ವಯಂಸೇವಕಿಯಾಗಿ ಕಾವಲಿನ ಕೆಲಸ - ಹೀಗೆ ಆಕೆಯ ದಿನಗಳು ಕಳೆದವು.

ಕಲ್ಲಿದ್ದಲು ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರ ತುಂಬ ಅತಿ ಸೂಕ್ಷ್ಮವಾದ ರಂಧ್ರಗಳಿವೆ. ಅವುಗಳ ಗಾತ್ರವನ್ನು ಅರಿಯುವುದು ಹೇಗೆ? ರೋಸಲಿಂಡ್ ಹೀಲಿಯಂ ಅನಿಲವನ್ನೂ ಬೇರೆ ಬೇರೆ ಗಾತ್ರದ ಅಣುಗಳುಳ್ಳ ಹಲವು ದ್ರವಗಳನ್ನೂ ಬಳಸಿ ಕಲ್ಲಿದ್ದಲಿನ ಸಾಂದ್ರತೆಯನ್ನು ಅಳೆದಳು. ಚಿಕ್ಕದಾದ ಹೀಲಿಯಂ ಪರಮಾಣು ಎಲ್ಲ ಸಂದುಗಳಲ್ಲಿಯೂ ನುಸುಳಬಲ್ಲದು. ದೊಡ್ಡ ಅಣುಗಳು ಇಕ್ಕಟ್ಟಾದ ಬಾಯಿಯಲ್ಲಿಯೇ ತಡೆದು ನಿಲ್ಲುತ್ತವೆ. ಇದರಿಂದ ಒಂದೊಂದು ದ್ರವಕ್ಕೆ ಒಂದೊಂದು ಬಗೆಯ ಸಾಂದ್ರತೆ ಬರುತ್ತದೆ. ಈ ವ್ಯತ್ಯಾಸದಿಂದಲೇ ರಂಧ್ರಗಳ ಬಾಯಿ ಎಷ್ಟು ಕಿರಿದು ಎಂಬುದನ್ನು ಆಕೆ ಲೆಕ್ಕಹಾಕಿದಳು. ಕಲ್ಲಿದ್ದಲು ಅಣುಗಳನ್ನು ಸೋಸುವ ಜರಡಿಯಂತೆ ವರ್ತಿಸುತ್ತದೆ, ಕಾಯಿಸಿದಂತೆಲ್ಲ ಆ ಜರಡಿಯ ಕಣ್ಣುಗಳು ಇನ್ನೂ ಕಿರಿದಾಗುತ್ತವೆ ಎಂಬುದು ಇದರಿಂದ ತಿಳಿದುಬಂದಿತು. ಈ ಕೆಲಸಕ್ಕಾಗಿ 1945ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಆಕೆಗೆ ಡಾಕ್ಟರೇಟ್ ಪದವಿಯನ್ನು ನೀಡಿತು. ಆಗ ಆಕೆಗೆ ಇಪ್ಪತ್ತೈದು ವರ್ಷ.

ರಂಧ್ರಗಳ ಗಾತ್ರವೇನೋ ತಿಳಿಯಿತು. ಆದರೆ ರಂಧ್ರಗಳ ಗೋಡೆಗಳು ಎಂಥವು, ಅಲ್ಲಿ ಇಂಗಾಲದ ಪರಮಾಣುಗಳು ಹೇಗೆ ನಿಂತಿವೆ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಹೇಳಬಲ್ಲ ಸಾಧನ ಕ್ಷ-ಕಿರಣ. ಯುದ್ಧ ಮುಗಿದ ಮೇಲೆ ಆಡ್ರಿಯೆನ್ ವೇಲ್ ಪ್ಯಾರಿಸಿನ ವಿಜ್ಞಾನಿಗಳಿಗೆ ತನ್ನ ಗೆಳತಿಯನ್ನು ಪರಿಚಯಿಸಿದಳು. 1947ರ ಆರಂಭದಲ್ಲಿ ರೋಸಲಿಂಡ್ ಪ್ಯಾರಿಸಿಗೆ ಹೋಗಿ, ಫ್ರೆಂಚ್ ಸರ್ಕಾರದ ರಾಸಾಯನಿಕ ಪ್ರಯೋಗಾಲಯದಲ್ಲಿ ಜಾಕ್ ಮೆರಿಂಗ್ ಎಂಬ ನುರಿತ ಕ್ಷ-ಕಿರಣ ತಜ್ಞನೊಡನೆ ಕೆಲಸಕ್ಕೆ ತೊಡಗಿದಳು. ಅಲ್ಲಿ ಸಹೋದ್ಯೋಗಿಗಳು ಆಕೆಯನ್ನು ಸಮಾನಳೆಂದು ಕಂಡರು. ಬಿಡುವಿನ ದಿನಗಳಲ್ಲಿ ಆಕೆ ಗೆಳೆಯರೊಡನೆ ಪರ್ವತಗಳನ್ನು ಹತ್ತುತ್ತಿದ್ದಳು. ಅಲ್ಲಿ ಕಳೆದ ನಾಲ್ಕು ವರ್ಷಗಳು ಆಕೆಯ ಜೀವನದ ಸಂತೋಷದ ದಿನಗಳಾಗಿದ್ದವು.

ಕ್ಷ-ಕಿರಣಗಳು ವಸ್ತುವಿನ ಒಳರಚನೆಯನ್ನು ಹೇಗೆ ತೋರಿಸುತ್ತವೆ ಎಂಬುದನ್ನು ಇಲ್ಲಿ ತಿಳಿಯಬೇಕು. ಈ ಕಿರಣಗಳ ಅಲೆಯ ಉದ್ದ ಪರಮಾಣುಗಳ ನಡುವಿನ ಅಂತರದಷ್ಟೇ ಚಿಕ್ಕದು. ಆದುದರಿಂದ ಅವು ಸ್ಫಟಿಕದ ಮೂಲಕ ಹಾಯುವಾಗ, ಸಾಲಾಗಿ ನಿಂತ ಪರಮಾಣುಗಳಿಂದ ಚೆದರಿ, ಕೆಲವು ದಿಕ್ಕುಗಳಲ್ಲಿ ಒಂದನ್ನೊಂದು ಬಲಪಡಿಸಿಕೊಂಡು, ಉಳಿದ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಇದಕ್ಕೆ ವಿವರ್ತನೆ ಎಂದು ಹೆಸರು. ಛಾಯಾಚಿತ್ರದ ಫಿಲ್ಮಿನ ಮೇಲೆ ಮೂಡುವ ಚುಕ್ಕೆ ಅಥವಾ ಉಂಗುರಗಳ ಸ್ಥಾನವನ್ನು ಅಳೆದರೆ ಪರಮಾಣುಗಳ ಜೋಡಣೆಯನ್ನು ಲೆಕ್ಕದಿಂದ ಕಂಡುಹಿಡಿಯಬಹುದು. 1913ರಲ್ಲಿ ಬ್ರ್ಯಾಗ್ ತಂದೆ ಮಕ್ಕಳು ಹೀಗೆಯೇ ವಜ್ರದ ರಚನೆಯನ್ನು ತಿಳಿದರು. ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ಸುತ್ತಲಿನ ನಾಲ್ಕು ಪರಮಾಣುಗಳೊಡನೆ ಬಿಗಿಯಾಗಿ ಬಂಧಿತವಾಗಿದೆ. 1924ರಲ್ಲಿ ಬರ್ನಾಲ್ ಎಂಬ ವಿಜ್ಞಾನಿ ಗ್ರಾಫೈಟಿನ ರಚನೆಯನ್ನು ನಿರ್ಧರಿಸಿದನು. ಅಲ್ಲಿ ಪರಮಾಣುಗಳು ಜೇನುಗೂಡಿನಂತೆ ಆರು ಮೂಲೆಗಳ ಮನೆಗಳಾಗಿ ಹಾಳೆ ಹಾಳೆಯಾಗಿ ಹರಡಿವೆ. ಹಾಳೆಯಿಂದ ಹಾಳೆಗೆ ಸುಮಾರು 3.35 ಆಂಗ್‌ಸ್ಟ್ರಾಂ ಅಂತರ. ಒಂದು ಆಂಗ್‌ಸ್ಟ್ರಾಂ ಎಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಹಾಳೆಗಳ ನಡುವಿನ ಹಿಡಿತ ದುರ್ಬಲವಾದುದರಿಂದಲೇ ಪೆನ್ಸಿಲಿನ ಕಡ್ಡಿ ಕಾಗದದ ಮೇಲೆ ಜಾರಿ ಗುರುತನ್ನು ಉಳಿಸುತ್ತದೆ.

ಇದ್ದಿಲಿನ ಚಿತ್ರದಲ್ಲಿ ಇಂಥ ಸ್ಪಷ್ಟವಾದ ಚುಕ್ಕೆಗಳಿಲ್ಲ. ಮಸುಕಾದ, ಅಗಲವಾದ ಕೆಲವು ಪಟ್ಟೆಗಳು ಮಾತ್ರ ಕಾಣುತ್ತವೆ. ಆ ಮಸುಕಿನಲ್ಲಿಯೇ ಅರ್ಥವನ್ನು ಹುಡುಕಲು ರೋಸಲಿಂಡ್ ನಿಶ್ಚಯಿಸಿದಳು. ಇದಕ್ಕೆ ಆಕೆ ಆರಿಸಿಕೊಂಡ ವಸ್ತು ಪಾಲಿವಿನೈಲಿಡೀನ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್ಕು. ಇದನ್ನು ಕಾಯಿಸಿದಾಗ ಹೈಡ್ರೊಜನ್ ಮತ್ತು ಕ್ಲೋರಿನ್‌ಗಳು ಅನಿಲರೂಪದಲ್ಲಿ ಹೊರಟುಹೋಗಿ ಬಹುಮಟ್ಟಿಗೆ ಶುದ್ಧವಾದ ಇಂಗಾಲ ಉಳಿಯುತ್ತದೆ. 1000 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಸಿದ್ಧಪಡಿಸಿದ ಈ ಇದ್ದಿಲಿನ ಮೇಲೆ ಒಂದೇ ಅಲೆಯುದ್ದದ ಕ್ಷ-ಕಿರಣಗಳನ್ನು ಹಾಯಿಸಿ, ಒಂದೊಂದು ಕೋನದಲ್ಲಿಯೂ ಚೆದರಿದ ಕಿರಣಗಳ ಪ್ರಮಾಣವನ್ನು ಆಕೆ ಅತ್ಯಂತ ಎಚ್ಚರಿಕೆಯಿಂದ ಅಳೆದಳು. 1950ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಇಂಗಾಲದ ಶೇಕಡ 65 ಭಾಗ ಗ್ರಾಫೈಟಿನಂಥ ಚಿಕ್ಕ ಹಾಳೆಗಳಾಗಿದ್ದಿತು; ಹಾಳೆಗಳ ಅಗಲ ಸುಮಾರು 16 ಆಂಗ್‌ಸ್ಟ್ರಾಂ. ಉಳಿದ ಶೇಕಡ 35 ಭಾಗ ಮಾತ್ರ ಕ್ರಮವಿಲ್ಲದೆ ಚೆದರಿದ್ದಿತು. ಆಕಾರವಿಲ್ಲದ್ದೆಂದು ಭಾವಿಸಿದ್ದ ವಸ್ತುವಿನಲ್ಲಿ ಹೆಚ್ಚಿನ ಪಾಲು ಕ್ರಮಬದ್ಧವಾಗಿತ್ತೆಂಬುದು ಹೀಗೆ ಅಂಕಿಗಳಿಂದ ಸ್ಥಿರಪಟ್ಟಿತು.

ಆಕೆ ಅಲ್ಲಿಗೆ ನಿಲ್ಲಲಿಲ್ಲ. ಹಲವು ಬಗೆಯ ಇಂಗಾಲಗಳನ್ನು ಕುಲುಮೆಯಲ್ಲಿಟ್ಟು 3000 ಡಿಗ್ರಿಗಳವರೆಗೆ ಕಾಯಿಸಿ, ಪ್ರತಿಯೊಂದು ಹಂತದಲ್ಲಿಯೂ ಕ್ಷ-ಕಿರಣಗಳಿಂದ ಪರೀಕ್ಷಿಸಿದಳು. ಹೆಚ್ಚು ಕಾಯಿಸಿದರೆ ಎಲ್ಲ ಇಂಗಾಲವೂ ಕೊನೆಗೆ ಗ್ರಾಫೈಟಾಗುವುದೆಂದು ಯಾರಾದರೂ ಊಹಿಸಬಹುದು. ಆದರೆ ಪ್ರಯೋಗ ಬೇರೊಂದನ್ನು ಹೇಳಿತು. ಪೆಟ್ರೋಲಿಯಂ ಕೋಕ್ ಮತ್ತು ಪಾಲಿವಿನೈಲ್ ಕ್ಲೋರೈಡಿನ ಇದ್ದಿಲು ಮೊದಲಾದವು ಕ್ರಮವಾಗಿ ಗ್ರಾಫೈಟಾದವು. ಸಕ್ಕರೆಯ ಇದ್ದಿಲು ಮತ್ತು ಮೇಲೆ ಹೇಳಿದ ಪ್ಲಾಸ್ಟಿಕ್ಕಿನ ಇದ್ದಿಲು ಮೊದಲಾದವು 3000 ಡಿಗ್ರಿ ಕಾಯಿಸಿದರೂ ಗ್ರಾಫೈಟಾಗಲಿಲ್ಲ. ಇಂಗಾಲಗಳಲ್ಲಿ ಗ್ರಾಫೈಟೀಕರಣಗೊಳ್ಳುವವು, ಗ್ರಾಫೈಟೀಕರಣಗೊಳ್ಳದವು ಎಂದು ಎರಡು ಕುಲಗಳಿವೆಯೆಂದು 1951ರಲ್ಲಿ ಆಕೆ ಪ್ರತಿಪಾದಿಸಿದಳು.

ಈ ಭೇದಕ್ಕೆ ಕಾರಣವನ್ನೂ ಆಕೆ ವಿವರಿಸಿದಳು. ಮೊದಲ ಕುಲದ ವಸ್ತುಗಳಲ್ಲಿ ಇಂಗಾಲದ ಹಾಳೆಗಳು ಆರಂಭದಲ್ಲಿಯೇ ಹೆಚ್ಚುಕಡಮೆ ಒಂದೇ ದಿಕ್ಕಿಗೆ ಮುಖಮಾಡಿ ಮಲಗಿರುತ್ತವೆ. ಅವುಗಳ ನಡುವೆ ಗಟ್ಟಿಯಾದ ಅಡ್ಡಬಂಧಗಳಿರುವುದಿಲ್ಲ. ಕಾಗದದ ಕಟ್ಟನ್ನು ಮೇಜಿನ ಮೇಲೆ ತಟ್ಟಿದರೆ ಹಾಳೆಗಳು ಸರಿದು ಒಂದಾಗುವಂತೆ, ಶಾಖದಿಂದ ಅವು ಸುಲಭವಾಗಿ ಸರಿಹೊಂದುತ್ತವೆ. ಎರಡನೆಯ ಕುಲದಲ್ಲಿ ಹಾಳೆಗಳು ಹೇಗೆಂದರೆ ಹಾಗೆ ಚೆಲ್ಲಿರುತ್ತವೆ. ಕಾವು ಇನ್ನೂ ಕಡಮೆಯಿರುವಾಗಲೇ ಅವುಗಳ ನಡುವೆ ಬಲವಾದ ಅಡ್ಡಬಂಧಗಳು ಬೆಳೆಯುತ್ತವೆ. ಅಂಟಿನಿಂದ ಮೂಲೆ ಮೂಲೆಗಳಲ್ಲಿ ಕಚ್ಚಿಕೊಂಡ ಕಾಗದಗಳನ್ನು ಎಷ್ಟು ತಟ್ಟಿದರೇನು? ಅವು ಜೋಡಿಕೊಳ್ಳವು; ನಡುನಡುವೆ ಪೊಳ್ಳು ಉಳಿಯುತ್ತದೆ. ಆದುದರಿಂದ ಇಂಥ ಇಂಗಾಲ ಗಡುಸು, ರಂಧ್ರಮಯ. ಮೂಲವಸ್ತುವಿನಲ್ಲಿ ಆಕ್ಸಿಜನ್ ಹೆಚ್ಚಾಗಿದ್ದರೆ ಅಥವಾ ಹೈಡ್ರೊಜನ್ ಕಡಮೆಯಾಗಿದ್ದರೆ ಅಡ್ಡಬಂಧಗಳು ಬೇಗ ಮೂಡುತ್ತವೆ. ಹೀಗೆ ಕುಲುಮೆಯಿಂದ ಹೊರಬರುವ ಇಂಗಾಲದ ಗುಣವು, ಕುಲುಮೆಗೆ ಹೋಗುವ ಮುನ್ನ ಇದ್ದ ರಸಾಯನವನ್ನು ಅವಲಂಬಿಸಿದೆ ಎಂಬ ಸತ್ಯ ಬೆಳಕಿಗೆ ಬಂದಿತು.

ಇಂಗಾಲದ ಈ ಕೆಲಸದಿಂದ ಆಕೆಗೆ ಕ್ಷ-ಕಿರಣ ತಜ್ಞೆಯೆಂಬ ಹೆಸರು ಬಂದಿತು. 1951ರ ಜನವರಿಯಲ್ಲಿ ಆಕೆ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದಳು. ಜೀವಿಗಳ ಆನುವಂಶಿಕ ಗುಣಗಳನ್ನು ಹೊತ್ತ ಡಿ.ಎನ್.ಎ. ಎಂಬ ವಸ್ತುವಿನ ರಚನೆಯನ್ನು ಅರಿಯುವ ಕೆಲಸ ಆಕೆಗೆ ಒಪ್ಪಿಸಲ್ಪಟ್ಟಿತು. ಅದೇ ವಿಷಯದಲ್ಲಿ ಮೊದಲೇ ತೊಡಗಿದ್ದ ಮಾರಿಸ್ ವಿಲ್ಕಿನ್ಸ್ ಆಕೆಯನ್ನು ತನ್ನ ಸಹಾಯಕಿಯೆಂದು ತಿಳಿದನು. ಆಕೆಯಾದರೋ ಇದು ತನ್ನ ಸ್ವತಂತ್ರ ಕಾರ್ಯವೆಂದು ತಿಳಿದಿದ್ದಳು. ಈ ತಪ್ಪು ತಿಳಿವಳಿಕೆ ಕೊನೆಯವರೆಗೂ ಬಗೆಹರಿಯಲಿಲ್ಲ. ಆದರೂ ಆಕೆಯ ಕೆಲಸ ನಿಲ್ಲಲಿಲ್ಲ. ಡಿ.ಎನ್.ಎ. ಎಳೆಗಳಿಗೆ ತಾಕುವ ಗಾಳಿಯ ತೇವವನ್ನು ಹತೋಟಿಯಲ್ಲಿಟ್ಟು, ಒಣಗಿದಾಗ ಒಂದು ರೂಪ, ತೇವಗೊಂಡಾಗ ಇನ್ನೊಂದು ರೂಪ ಎಂಬುದನ್ನು ಆಕೆ ಸ್ಪಷ್ಟಪಡಿಸಿದಳು. 1952ರ ಮೇ ತಿಂಗಳಲ್ಲಿ ಆಕೆಯ ಮಾರ್ಗದರ್ಶನದಲ್ಲಿ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ತೆಗೆದ ಒಂದು ಚಿತ್ರವು ಸುರುಳಿಯಾಕಾರದ ರಚನೆಯನ್ನು ಎತ್ತಿ ತೋರಿಸುವಂತಿದ್ದಿತು.

1953ರ ಜನವರಿಯಲ್ಲಿ ವಿಲ್ಕಿನ್ಸ್ ಆ ಚಿತ್ರವನ್ನು ಕೇಂಬ್ರಿಜಿನಿಂದ ಬಂದ ಜೇಮ್ಸ್ ವಾಟ್ಸನ್ನನಿಗೆ ತೋರಿಸಿದನು. ಇದು ರೋಸಲಿಂಡಳಿಗೆ ತಿಳಿದಿರಲಿಲ್ಲ. ಆಕೆಯ ಅಳತೆಗಳನ್ನು ಒಳಗೊಂಡ ಒಂದು ವರದಿಯೂ ಕೇಂಬ್ರಿಜಿನವರ ಕೈಸೇರಿತು. ಅವುಗಳ ಸಹಾಯದಿಂದ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಡಿ.ಎನ್.ಎ.ಯ ಜೋಡಿಸುರುಳಿಯ ಮಾದರಿಯನ್ನು ರಚಿಸಿದರು. 1953ರ ಏಪ್ರಿಲ್ 25ರ ನೇಚರ್ ಪತ್ರಿಕೆಯಲ್ಲಿ ಅವರ ಲೇಖನದೊಡನೆ ವಿಲ್ಕಿನ್ಸ್ ಮತ್ತು ಸಂಗಡಿಗರ ಲೇಖನವೂ, ರೋಸಲಿಂಡ್ ಮತ್ತು ಗಾಸ್ಲಿಂಗರ ಲೇಖನವೂ ಪ್ರಕಟವಾದವು. ಆಕೆಯ ಅಳತೆಗಳು ಆ ಮಾದರಿಗೆ ಎಷ್ಟರಮಟ್ಟಿಗೆ ಆಧಾರವಾಗಿದ್ದವೆಂಬುದು ಆ ಪುಟಗಳನ್ನು ಓದಿದವರಿಗೆ ತಿಳಿಯುವಂತಿರಲಿಲ್ಲ.

ಅಷ್ಟರಲ್ಲಿಯೇ ರೋಸಲಿಂಡ್ ಕಿಂಗ್ಸ್ ಕಾಲೇಜನ್ನು ಬಿಟ್ಟು ಲಂಡನ್ನಿನ ಬರ್ಕ್‌ಬೆಕ್ ಕಾಲೇಜನ್ನು ಸೇರಿದ್ದಳು. ಅಲ್ಲಿ ಆಕೆಯ ವಿಭಾಗದ ಮುಖ್ಯಸ್ಥನಾಗಿದ್ದವನು ಹಿಂದೆ ಗ್ರಾಫೈಟಿನ ರಚನೆಯನ್ನು ನಿರ್ಧರಿಸಿದ್ದ ಬರ್ನಾಲನೇ. ಅಲ್ಲಿ ಆಕೆ ಹೊಗೆಸೊಪ್ಪಿನ ಎಲೆಗೆ ರೋಗ ತರುವ ವೈರಸ್ಸನ್ನು ಅಧ್ಯಯನ ಮಾಡಿದಳು. ಆರನ್ ಕ್ಲುಗ್ ಮೊದಲಾದ ತರುಣರು ಆಕೆಯೊಡನೆ ಸೇರಿದರು. ಈ ವೈರಸ್ ಒಂದು ಪೊಳ್ಳಾದ ಕೊಳವೆ, ಅದರ ಆನುವಂಶಿಕ ವಸ್ತುವು ನಡುವಣ ಪೊಳ್ಳಿನಲ್ಲಿರದೆ ಸುತ್ತಲಿನ ಪ್ರೋಟೀನಿನ ಗೋಡೆಯಲ್ಲಿ ಹುದುಗಿದೆ ಎಂಬುದನ್ನು ಅವರು ತೋರಿಸಿದರು. ಈ ನಡುವೆಯೂ ಆಕೆ ಇಂಗಾಲವನ್ನು ಮರೆಯಲಿಲ್ಲ. ಗ್ರಾಫೈಟೀಕರಣವನ್ನು ಕುರಿತು 1956ರಲ್ಲಿಯೂ ಲೇಖನವನ್ನು ಪ್ರಕಟಿಸಿದಳು.

ಅದೇ ವರ್ಷ ಆಕೆಗೆ ಅಂಡಾಶಯದ ಕ್ಯಾನ್ಸರ್ ತಗುಲಿರುವುದು ತಿಳಿದುಬಂದಿತು. ಶಸ್ತ್ರಚಿಕಿತ್ಸೆಗಳಾದವು. ಚೇತರಿಸಿಕೊಂಡಾಗಲೆಲ್ಲ ಆಕೆ ಪ್ರಯೋಗಾಲಯಕ್ಕೆ ಮರಳಿದಳು. ಪೋಲಿಯೊ ವೈರಸ್ಸಿನ ರಚನೆಯ ಅಧ್ಯಯನವನ್ನೂ ಕೈಗೆತ್ತಿಕೊಂಡಳು. 1958ರ ಏಪ್ರಿಲ್ 16ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಆಕೆ ಕೊನೆಯುಸಿರೆಳೆದಳು. ಮರುದಿನ ಬ್ರಸೆಲ್ಸ್ ನಗರದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಆರಂಭವಾಯಿತು. ಆಕೆ ಸಿದ್ಧಪಡಿಸಿದ್ದ ವೈರಸ್ಸಿನ ದೊಡ್ಡ ಮಾದರಿಯು ಅಲ್ಲಿ ಪ್ರದರ್ಶನಕ್ಕಿದ್ದಿತು. ಅದನ್ನು ನೋಡಲು ಆಕೆ ಉಳಿದಿರಲಿಲ್ಲ.

1962ರಲ್ಲಿ ಡಿ.ಎನ್.ಎ. ಸಂಶೋಧನೆಗಾಗಿ ವಾಟ್ಸನ್, ಕ್ರಿಕ್ ಮತ್ತು ವಿಲ್ಕಿನ್ಸ್‌ರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆಕೆ ತೀರಿಕೊಂಡು ಆಗಲೇ ನಾಲ್ಕು ವರ್ಷಗಳಾಗಿದ್ದವು. ಆಕೆಯ ಜೊತೆಗಾರ ಕ್ಲುಗ್ 1982ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದನು. ಕಾಲಾಂತರದಲ್ಲಿ ಡಿ.ಎನ್.ಎ. ರಚನೆಯ ಶೋಧದಲ್ಲಿ ರೋಸಲಿಂಡಳ ಪಾಲು ಎಷ್ಟೆಂಬುದು ಎಲ್ಲರಿಗೂ ತಿಳಿಯಿತು. ಈ ಕಥೆ ಪ್ರಸಿದ್ಧವಾದಷ್ಟು ಆಕೆಯ ಇಂಗಾಲದ ಕಥೆ ಪ್ರಸಿದ್ಧವಾಗಲಿಲ್ಲ. ಆದರೆ ಆಕೆ ಹೆಸರು ಗಳಿಸಿದ್ದು ಮೊದಲು ಇಂಗಾಲದಿಂದ. ಆ ಕೀರ್ತಿಯಲ್ಲಿ ವಿವಾದಕ್ಕೆ ಎಡೆಯಿಲ್ಲ.

ಆಕೆಯ ಅನಂತರ ಇಂಗಾಲದ ಅಧ್ಯಯನಕ್ಕೆ ಹೊಸ ಸಾಧನಗಳು ಬಂದವು. ವಿವರ್ತನೆಯು ಪರಮಾಣುಗಳು ಎಲ್ಲಿ ನಿಂತಿವೆ ಎಂಬುದನ್ನು ಹೇಳಿದರೆ, ಕ್ಷ-ಕಿರಣ ರೋಹಿತದರ್ಶನವು ಅವು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಎಂಬುದನ್ನು ಹೇಳುತ್ತದೆ. ಕ್ಷ-ಕಿರಣದ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ, ಯಾವ ಶಕ್ತಿಯಲ್ಲಿ ಇಂಗಾಲವು ಅದನ್ನು ಹೀರುತ್ತದೆ ಎಂದು ನೋಡುತ್ತಾರೆ. ಸುಮಾರು 285 ಎಲೆಕ್ಟ್ರಾನ್ ವೋಲ್ಟುಗಳ ಬಳಿ ಗ್ರಾಫೈಟಿನ ರೋಹಿತದಲ್ಲಿ ಒಂದು ಶಿಖರ ಏಳುತ್ತದೆ. ವಜ್ರದಲ್ಲಿ ಅದು ಇಲ್ಲ. ಹೀಗೆ ಕರಿಯ ಪುಡಿಯೊಂದರಲ್ಲಿ ಗ್ರಾಫೈಟಿನ ಬಗೆಯ ಬಂಧಗಳೆಷ್ಟು, ವಜ್ರದ ಬಗೆಯವೆಷ್ಟು ಎಂದು ಅಂದಾಜು ಮಾಡುವುದು ಸಾಧ್ಯವಾಗಿದೆ. ಆಕೆ ಕಲ್ಪಿಸಿದ ರಚನೆಯ ವಿವರಗಳನ್ನು ಅನಂತರದವರು ಹಲವೆಡೆ ತಿದ್ದಿದ್ದಾರೆ. ಆದರೆ ಎರಡು ಕುಲಗಳ ಆ ವಿಂಗಡಣೆ ಇಂದಿಗೂ ನಿಂತಿದೆ. ಲಿಥಿಯಂ ವಿದ್ಯುತ್ಕೋಶಗಳಲ್ಲಿ ಗ್ರಾಫೈಟನ್ನೂ, ಸೋಡಿಯಂ ವಿದ್ಯುತ್ಕೋಶಗಳಲ್ಲಿ ಗ್ರಾಫೈಟೀಕರಣಗೊಳ್ಳದ ಗಡುಸು ಇಂಗಾಲವನ್ನೂ ಬಳಸುವವರು ಆಕೆ ಗುರುತಿಸಿದ ಭೇದವನ್ನೇ ಅನುಸರಿಸುತ್ತಿದ್ದಾರೆ.

ಕಲ್ಲಿದ್ದಲು, ಡಿ.ಎನ್.ಎ., ವೈರಸ್ - ರೋಸಲಿಂಡ್ ಫ್ರಾಂಕ್ಲಿನ್ ಕೈಗೆತ್ತಿಕೊಂಡ ವಸ್ತುಗಳು ಬೇರೆ ಬೇರೆ. ಆಕೆಯ ರೀತಿ ಒಂದೇ. ಮೊದಲು ವಸ್ತುವನ್ನು ಶುದ್ಧವಾಗಿ ಸಿದ್ಧಪಡಿಸುವುದು, ಅನಂತರ ತಾಳ್ಮೆಯಿಂದ ಅಳೆಯುವುದು, ಅಳತೆ ಒಪ್ಪಿದಷ್ಟನ್ನೇ ಹೇಳುವುದು. ಈ ಶಿಸ್ತು ಕೆಲವೊಮ್ಮೆ ಆಕೆಯನ್ನು ಇತರರಿಗಿಂತ ಹಿಂದೆ ನಿಲ್ಲಿಸಿತು. ಆದರೆ ಆಕೆ ಅಳೆದು ಹೇಳಿದ ಮಾತುಗಳ ಮೇಲೆ ಇತರರು ನಿಶ್ಚಿಂತೆಯಿಂದ ಮನೆ ಕಟ್ಟಬಹುದಾಗಿತ್ತು. ಹಾಗೆಯೇ ಕಟ್ಟಿದರು ಕೂಡ.